ಆನ್‌ಫೀಲ್ಡ್‌ನ ಕೊನೆಯ ನಿಮಿಷ: ಒಂದು ಗೆಲುವು ನೆನಪಾಗಿ ಬೆಳೆದ ಬಗೆ

ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನಲ್ಲಿ ಕೊನೆಯ ಗಳಿಗೆಯಲ್ಲಿ ಕೈಗೆ ಬಂದ ಪ್ರಶಸ್ತಿಗಳ ಮಾತು ಎದ್ದಾಗಲೆಲ್ಲ, 1989ರ ಮೇ 26ರ ಶುಕ್ರವಾರ ರಾತ್ರಿ ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಕ್ರೀಡಾಂಗಣದಲ್ಲಿ ನಡೆದ ಪಂದ್ಯದ ಹೆಸರು ತಪ್ಪದೆ ಬರುತ್ತದೆ. ಲಂಡನ್ನಿನ ಆರ್ಸೆನಲ್ ತಂಡವು ಅಂದು ಲಿವರ್‌ಪೂಲ್ ತಂಡವನ್ನು ಅದರ ತವರು ಅಂಗಳದಲ್ಲೇ 2–0 ಗೋಲುಗಳಿಂದ ಸೋಲಿಸಿ, 1971ರ ನಂತರ ಮೊದಲ ಬಾರಿಗೆ ಲೀಗ್ ಚಾಂಪಿಯನ್ ಆಯಿತು. ಎರಡನೆಯ ಗೋಲು ಬಂದದ್ದು ನಿಗದಿತ ತೊಂಬತ್ತು ನಿಮಿಷಗಳು ಮುಗಿದು, ಗಾಯ ಮುಂತಾದ ಕಾರಣಗಳಿಂದ ಪೋಲಾದ ಹೊತ್ತಿಗೆ ಬದಲಾಗಿ ರೆಫರಿ ಸೇರಿಸುವ ಹೆಚ್ಚುವರಿ ಅವಧಿ ನಡೆಯುತ್ತಿದ್ದಾಗ. ಆರ್ಸೆನಲ್ ಅಭಿಮಾನಿಗಳು ಮೂರು ದಶಕಗಳಿಗೂ ಮೀರಿ ಆ ಗೋಲನ್ನು ನೋಡುತ್ತ, ಹೇಳುತ್ತ, ಹಾಡುತ್ತ ಬಂದಿದ್ದಾರೆ. ಆಗಿನ್ನೂ ಹುಟ್ಟದೇ ಇದ್ದವರೂ ಅದನ್ನು ಕಣ್ಣಾರೆ ಕಂಡವರಂತೆ ವಿವರಿಸಬಲ್ಲರು. ಒಂದು ಗೆಲುವು ಹೀಗೆ ತಲೆಮಾರುಗಳ ಆಸ್ತಿಯಾಗುವುದಕ್ಕೆ ಆಟಗಾರನೊಬ್ಬನ ಕಾಲ್ಚಳಕವಷ್ಟೇ ಸಾಲದು. ಆ ನೆನಪಿನ ಹಿಂದೆ ಒಂದು ಘೋರ ದುರಂತ, ಅಂಕಪಟ್ಟಿಯ ಒಂದು ನಿಯಮ, ದೂರದರ್ಶನದ ನೇರ ಪ್ರಸಾರ ಮತ್ತು ಒಂದು ಪುಸ್ತಕ ಕೆಲಸ ಮಾಡಿವೆ.

ಮುಂದೂಡಿದ ಪಂದ್ಯ

ಈ ಪಂದ್ಯವು ಋತುವಿನ ಕೊನೆಯ ಪಂದ್ಯವಾಗಬೇಕೆಂದು ಯಾರೂ ಯೋಜಿಸಿರಲಿಲ್ಲ. ಮೂಲ ವೇಳಾಪಟ್ಟಿಯಂತೆ ಅದು ಏಪ್ರಿಲ್ 23ರಂದು ನಡೆಯಬೇಕಿತ್ತು. ಅದಕ್ಕೆ ಎಂಟು ದಿನ ಮೊದಲು, ಅಂದರೆ ಏಪ್ರಿಲ್ 15ರಂದು, ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವೆ ಎಫ್‌ಎ ಕಪ್ ಸೆಮಿಫೈನಲ್ ಏರ್ಪಾಡಾಗಿತ್ತು. ಎಫ್‌ಎ ಕಪ್ ಎನ್ನುವುದು ಲೀಗಿಗಿಂತ ಬೇರೆಯಾದ, ಸೋತ ತಂಡ ಹೊರಬೀಳುವ ಕ್ರಮದ ಪಂದ್ಯಾವಳಿ. ಅಲ್ಲಿ ಗೋಲಿನ ಹಿಂಭಾಗದ ನಿಂತು ನೋಡುವ ಕಟ್ಟೆಯನ್ನು ಕಬ್ಬಿಣದ ಬೇಲಿಗಳಿಂದ ದೊಡ್ಡಿಗಳಂತೆ ವಿಭಾಗಿಸಲಾಗಿತ್ತು; ಹೊರಗಿನ ನೂಕುನುಗ್ಗಲನ್ನು ತಗ್ಗಿಸಲು ಪೊಲೀಸರು ಒಂದು ದೊಡ್ಡ ಗೇಟನ್ನು ತೆರೆಸಿದಾಗ, ಮೊದಲೇ ಕಿಕ್ಕಿರಿದಿದ್ದ ಮಧ್ಯದ ವಿಭಾಗಗಳಿಗೆ ಜನ ಹರಿದರು, ಎದುರಿಗೆ ಬೇಲಿ ಇದ್ದುದರಿಂದ ಮುಂದಿನವರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಈ ದುರಂತದಲ್ಲಿ ಪ್ರಾಣ ಕಳೆದುಕೊಂಡ ಲಿವರ್‌ಪೂಲ್ ಅಭಿಮಾನಿಗಳ ಸಂಖ್ಯೆ 97. ಅಂದಿನ ಗಾಯಗಳ ಪರಿಣಾಮದಿಂದ ಕೊನೆಯವರು ಮರಣ ಹೊಂದಿದ್ದು 2021ರಲ್ಲಿ.

ಇಡೀ ನಗರ ಶೋಕದಲ್ಲಿ ಮುಳುಗಿದ್ದಾಗ ಲಿವರ್‌ಪೂಲ್ ತಂಡದ ಪಂದ್ಯಗಳನ್ನು ಮುಂದೂಡಲಾಯಿತು, ಆಟಗಾರರು ಸತ್ತವರ ಅಂತ್ಯಕ್ರಿಯೆಗಳಿಗೆ ಹೋಗಿಬಂದರು. ಆಟ ಮತ್ತೆ ಆರಂಭವಾದಾಗ ಉಳಿದ ಪಂದ್ಯಗಳನ್ನು ಕೆಲವೇ ವಾರಗಳಲ್ಲಿ ತುರುಕಬೇಕಾಯಿತು. ಮೇ 20ರ ಶನಿವಾರ ಎವರ್ಟನ್ ವಿರುದ್ಧ ಎಫ್‌ಎ ಕಪ್ ಫೈನಲ್, ಮೇ 23ರ ಮಂಗಳವಾರ ವೆಸ್ಟ್ ಹ್ಯಾಮ್ ವಿರುದ್ಧ ಲೀಗ್ ಪಂದ್ಯ, ಮೇ 26ರ ಶುಕ್ರವಾರ ಆರ್ಸೆನಲ್ ವಿರುದ್ಧ ಅಂತಿಮ ಪಂದ್ಯ. ಹೀಗೆ ಅಗ್ರಸ್ಥಾನದ ಎರಡು ತಂಡಗಳು ಋತುವಿನ ಕಟ್ಟಕಡೆಯ ರಾತ್ರಿ ಮುಖಾಮುಖಿಯಾದದ್ದು ಕ್ರೀಡೆಯ ಯಾವ ಜಾಣ್ಮೆಯಿಂದಲೂ ಅಲ್ಲ, ಸಾವಿನ ಕಾರಣದಿಂದ ಎಂಬುದನ್ನು ಈ ಗೆಲುವಿನ ಕಥೆ ಹೇಳುವವರು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ಲೆಕ್ಕ ಹೆಣೆದ ಕುತೂಹಲ

ಪಂದ್ಯಕ್ಕೆ ಮುನ್ನ ಲಿವರ್‌ಪೂಲ್ 76, ಆರ್ಸೆನಲ್ 73 ಅಂಕ ಹೊಂದಿದ್ದವು. ಗೆಲುವಿಗೆ ಮೂರು ಅಂಕ ಸಿಗುವುದರಿಂದ ಆರ್ಸೆನಲ್ ಗೆದ್ದರೆ ಎರಡೂ ತಂಡಗಳು ಸಮನಾಗುತ್ತಿದ್ದವು. ಆಗ ತೀರ್ಮಾನ ಗೋಲು ವ್ಯತ್ಯಾಸದ ಮೇಲೆ ನಿಲ್ಲುತ್ತಿತ್ತು. ಇಡೀ ಋತುವಿನಲ್ಲಿ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಉಳಿಯುವ ಸಂಖ್ಯೆಯೇ ಗೋಲು ವ್ಯತ್ಯಾಸ. ಕ್ರಿಕೆಟ್ಟಿನ ನೆಟ್ ರನ್ ರೇಟ್ ಮಾಡುವ ಕೆಲಸವನ್ನೇ ಇದು ಫುಟ್‌ಬಾಲಿನಲ್ಲಿ ಮಾಡುತ್ತದೆ. 2024ರ ಮೇ 18ರಂದು ಬೆಂಗಳೂರಿನಲ್ಲಿ ಚೆನ್ನೈ ತಂಡದ ವಿರುದ್ಧ ಗೆದ್ದರಷ್ಟೇ ಸಾಲದು, ಕನಿಷ್ಠ 18 ರನ್ನುಗಳ ಅಂತರದಿಂದ ಗೆಲ್ಲಬೇಕು ಎಂಬ ಸ್ಥಿತಿಯಲ್ಲಿ ಆರ್‌ಸಿಬಿ ಆಡಿದ್ದನ್ನು ನೆನೆದವರಿಗೆ ಆ ರಾತ್ರಿಯ ಆರ್ಸೆನಲ್ ಪಾಡು ಸುಲಭವಾಗಿ ಅರ್ಥವಾದೀತು.

ಲಿವರ್‌ಪೂಲಿನ ವ್ಯತ್ಯಾಸ 39, ಆರ್ಸೆನಲ್ಲಿನದು 35. ಆರ್ಸೆನಲ್ ಎರಡು ಗೋಲುಗಳ ಅಂತರದಿಂದ ಗೆದ್ದರೆ ಎರಡೂ 37ಕ್ಕೆ ಬಂದು ನಿಂತು, ಒಟ್ಟು ಹೆಚ್ಚು ಗೋಲು ಹೊಡೆದ ತಂಡಕ್ಕೆ, ಅಂದರೆ ಆರ್ಸೆನಲ್‌ಗೆ, ಪ್ರಶಸ್ತಿ ಹೋಗುತ್ತಿತ್ತು. ಒಂದೇ ಗೋಲಿನ ಗೆಲುವಾದರೆ ಪ್ರಶಸ್ತಿ ಲಿವರ್‌ಪೂಲಿನಲ್ಲೇ ಉಳಿಯುತ್ತಿತ್ತು. ಮೂರು ದಿನ ಮೊದಲು ಲಿವರ್‌ಪೂಲ್ ತಂಡವು ವೆಸ್ಟ್ ಹ್ಯಾಮ್ ವಿರುದ್ಧ 5–1ರ ಬದಲು 3–1ರಿಂದ ಗೆದ್ದಿದ್ದರೆ ಆರ್ಸೆನಲ್‌ಗೆ 1–0 ಗೆಲುವೇ ಸಾಕಾಗುತ್ತಿತ್ತು, ಪ್ರಸಿದ್ಧವಾದ ಆ ಕೊನೆಯ ಗೋಲಿನ ಅಗತ್ಯವೇ ಬೀಳುತ್ತಿರಲಿಲ್ಲ.

ನಿಯಮದ ಇತಿಹಾಸವೂ ಇಲ್ಲಿ ಮುಖ್ಯ. 1976ರವರೆಗೆ ಇಂಗ್ಲಿಷ್ ಲೀಗಿನಲ್ಲಿ ಸಮ ಅಂಕಗಳ ತಂಡಗಳನ್ನು ಗೋಲು ಸರಾಸರಿಯಿಂದ, ಅಂದರೆ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿ, ಬೇರ್ಪಡಿಸುತ್ತಿದ್ದರು. ಋತು ಮುಗಿದಾಗ ಆರ್ಸೆನಲ್ 73 ಗೋಲು ಹೊಡೆದು 36 ಬಿಟ್ಟುಕೊಟ್ಟಿತ್ತು, ಲಿವರ್‌ಪೂಲ್ 65 ಹೊಡೆದು 28 ಬಿಟ್ಟುಕೊಟ್ಟಿತ್ತು. ಹಳೆಯ ಲೆಕ್ಕದಲ್ಲಿ ಆರ್ಸೆನಲ್ಲಿನ ಸರಾಸರಿ 2.03, ಲಿವರ್‌ಪೂಲಿನದು 2.32. ಎರಡೂ ತಂಡಗಳು ತಲಾ 22 ಪಂದ್ಯ ಗೆದ್ದು, 10ರಲ್ಲಿ ಸಮ ಮಾಡಿಕೊಂಡು, 6ರಲ್ಲಿ ಸೋತಿದ್ದರಿಂದ ಗೆಲುವಿಗೆ ಎಷ್ಟು ಅಂಕ ಕೊಟ್ಟರೂ ಅವು ಸಮನಾಗಿಯೇ ಉಳಿಯುತ್ತಿದ್ದವು. ಹಳೆಯ ನಿಯಮ ಇದ್ದಿದ್ದರೆ ಅದೇ 2–0 ಫಲಿತಾಂಶದೊಂದಿಗೆ ಲಿವರ್‌ಪೂಲ್ ಚಾಂಪಿಯನ್ ಆಗುತ್ತಿತ್ತು.

ಅಂಗಳದಲ್ಲಿ ನಡೆದದ್ದು

ಆರ್ಸೆನಲ್ ಗೆಲ್ಲುತ್ತದೆಂದು ಹೇಳುವವರು ಕಡಿಮೆ. ಆ ತಂಡ ಆನ್‌ಫೀಲ್ಡ್‌ನಲ್ಲಿ 1974ರ ನಂತರ ಗೆದ್ದಿರಲಿಲ್ಲ. ಲಿವರ್‌ಪೂಲ್ ಆ ವರ್ಷದ ಜನವರಿ 1ರ ನಂತರ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಹಿಂದಿನ ಎರಡು ವಾರಗಳಲ್ಲಿ ಆರ್ಸೆನಲ್ ತವರಿನಲ್ಲೇ ಡರ್ಬಿಗೆ ಸೋತು, ವಿಂಬಲ್ಡನ್ ಜೊತೆ ಸಮ ಮಾಡಿಕೊಂಡು, ಕೈಯಲ್ಲಿದ್ದ ಮುನ್ನಡೆಯನ್ನು ಕಳೆದುಕೊಂಡಿತ್ತು. ತಂಡದ ಮ್ಯಾನೇಜರ್ ಜಾರ್ಜ್ ಗ್ರಹಾಂ, 1971ರಲ್ಲಿ ಲೀಗ್ ಗೆದ್ದ ಆರ್ಸೆನಲ್ ತಂಡದ ಆಟಗಾರರಲ್ಲಿ ಒಬ್ಬರು, ಎರಡು ಗೋಲು ಬೇಕಿದ್ದ ಪಂದ್ಯಕ್ಕೆ ಐವರು ರಕ್ಷಣಾ ಆಟಗಾರರನ್ನು ಇಳಿಸಿದರು. ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಅದರ ಹಿಂದೆ ಸರಳ ತರ್ಕವಿತ್ತು: ಒಂದು ಗೋಲು ಬಿಟ್ಟುಕೊಟ್ಟರೆ ಮೂರು ಹೊಡೆಯಬೇಕಾಗುತ್ತದೆ, ಆದ್ದರಿಂದ ಮೊದಲಾರ್ಧವನ್ನು 0–0ಯಲ್ಲಿ ದಾಟುವುದೇ ಮೊದಲ ಕೆಲಸ.

ರಸ್ತೆಯ ದಟ್ಟಣೆಯಲ್ಲಿ ಸಿಲುಕಿದ್ದ ಲಂಡನ್ ಅಭಿಮಾನಿಗಳಿಗಾಗಿ ಪಂದ್ಯ ತಡವಾಗಿ ಆರಂಭವಾಯಿತು. ಅದಕ್ಕೆ ಮುನ್ನ ಆರ್ಸೆನಲ್ ಆಟಗಾರರು ಹಿಲ್ಸ್‌ಬರೋದಲ್ಲಿ ಮಡಿದವರಿಗೆ ಗೌರವವಾಗಿ ಹೂಗುಚ್ಛಗಳನ್ನು ಹಿಡಿದು ಅಂಗಳದ ನಾಲ್ಕೂ ಕಡೆ ಹೋಗಿ ಲಿವರ್‌ಪೂಲ್ ಅಭಿಮಾನಿಗಳ ಕೈಗೆ ಕೊಟ್ಟರು. ದ್ವಿತೀಯಾರ್ಧದಲ್ಲಿ, ಪಂದ್ಯದ 52ನೇ ನಿಮಿಷಕ್ಕೆ, ಆರ್ಸೆನಲ್‌ಗೆ ಪರೋಕ್ಷ ಫ್ರೀ ಕಿಕ್ ಸಿಕ್ಕಿತು. ಇದರಲ್ಲಿ ಒದ್ದವನಲ್ಲದೆ ಬೇರೊಬ್ಬ ಆಟಗಾರನಿಗೆ ತಾಗಿದ ಮೇಲೆಯೇ ಚೆಂಡು ಗೋಲು ಸೇರಬೇಕು. ನೈಜೆಲ್ ವಿಂಟರ್‌ಬರ್ನ್ ಒದ್ದ ಚೆಂಡು ಆಲನ್ ಸ್ಮಿತ್ ತಲೆಯನ್ನು ಸವರಿ ಬಲೆಯ ಮೂಲೆ ಸೇರಿತು. ಲಿವರ್‌ಪೂಲ್ ಆಟಗಾರರು ಮುತ್ತಿಕೊಂಡು ಆಕ್ಷೇಪಿಸಿದಾಗ ರೆಫರಿ ಡೇವಿಡ್ ಹಚಿನ್ಸನ್ ಲೈನ್ಸ್‌ಮನ್ ಬಳಿ ಹೋಗಿ ಮಾತಾಡಿ, ಗೋಲನ್ನು ಊರ್ಜಿತಗೊಳಿಸಿದರು.

ಅಲ್ಲಿಂದ ಮುಂದಿನದು ಕಾಯುವ ಆಟ. ಹೆಚ್ಚುವರಿ ನಿಮಿಷಗಳೆಷ್ಟೆಂದು ಫಲಕ ಎತ್ತಿ ತೋರಿಸುವ ಪದ್ಧತಿ ಆಗಿನ್ನೂ ಬಂದಿರಲಿಲ್ಲವಾದ್ದರಿಂದ ಉಳಿದಿರುವ ಹೊತ್ತು ಎಷ್ಟೆಂಬುದು ರೆಫರಿಯೊಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕೊನೆಗಳಿಗೆಯಲ್ಲಿ ಆರ್ಸೆನಲ್ಲಿನ ಕೆವಿನ್ ರಿಚರ್ಡ್‌ಸನ್ ಗಾಯಗೊಂಡು ಬಿದ್ದು ಆಟ ನಿಂತಾಗ, ಲಿವರ್‌ಪೂಲಿನ ಸ್ಟೀವ್ ಮೆಕ್‌ಮಹೊನ್ ಒಂದು ಬೆರಳೆತ್ತಿ, ಇನ್ನೊಂದೇ ನಿಮಿಷ ಎಂದು ಜೊತೆಗಾರರಿಗೆ ಸನ್ನೆ ಮಾಡಿದರು. ಆಟ ಮತ್ತೆ ಶುರುವಾದ ಮೇಲೆ ಅದೇ ರಿಚರ್ಡ್‌ಸನ್ ಲಿವರ್‌ಪೂಲಿನ ಜಾನ್ ಬಾರ್ನ್ಸ್ ಕಾಲಿನಿಂದ ಚೆಂಡು ಕಸಿದು ಗೋಲ್‌ಕೀಪರ್ ಜಾನ್ ಲ್ಯೂಕಿಕ್‌ಗೆ ಹಿಂದಕ್ಕೆ ಕೊಟ್ಟರು. ಜೊತೆಗಾರ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಜಾರಿಗೆ ಬಂದದ್ದು 1992ರಲ್ಲಿ. ಹಾಗಾಗಿ ಲ್ಯೂಕಿಕ್ ಚೆಂಡನ್ನು ಕೈಯಲ್ಲಿ ಹಿಡಿದು ಲೀ ಡಿಕ್ಸನ್ ಕಡೆಗೆ ಎಸೆದರು, ಡಿಕ್ಸನ್ ಉದ್ದಕ್ಕೆ ಒದ್ದರು, ಸ್ಮಿತ್ ಅದನ್ನು ನಿಯಂತ್ರಿಸಿ ಮುನ್ನುಗ್ಗುತ್ತಿದ್ದ 21 ವರ್ಷದ ಮೈಕಲ್ ಥಾಮಸ್ ಹಾದಿಗೆ ತಳ್ಳಿದರು. ಸ್ಟೀವ್ ನಿಕಲ್ ಮೈಗೆ ಬಡಿದ ಚೆಂಡು ಅದೃಷ್ಟವೆಂಬಂತೆ ಥಾಮಸ್ ಮುಂದಕ್ಕೇ ಬಂತು. ಗೋಲ್‌ಕೀಪರ್ ಬ್ರೂಸ್ ಗ್ರೊಬೆಲಾರ್ ಮುಂದೆ ಬಂದು ನೆಲಕ್ಕೆ ಬೀಳುವವರೆಗೆ ಕಾದು, ಥಾಮಸ್ ಚೆಂಡನ್ನು ಅವರ ಮೇಲಿಂದ ಬಲೆಗೆ ಸೇರಿಸಿದರು.

ನೋಡಿದ್ದು, ಕೇಳಿದ್ದು, ಓದಿದ್ದು

ಆನ್‌ಫೀಲ್ಡ್‌ನಲ್ಲಿ ಅಂದು ಸೇರಿದ್ದವರು 41 ಸಾವಿರಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಲಿವರ್‌ಪೂಲ್ ಕಡೆಯವರು. ಈ ಗೆಲುವನ್ನು ಆರ್ಸೆನಲ್ ಅಭಿಮಾನಿಗಳ ಸಾಮೂಹಿಕ ನೆನಪಾಗಿಸಿದ್ದು ಐಟಿವಿ ವಾಹಿನಿಯ ನೇರ ಪ್ರಸಾರ. ಲೀಗ್ ಪಂದ್ಯಗಳ ನೇರ ಪ್ರಸಾರ ಆ ಕಾಲಕ್ಕೆ ಇಂದಿನಂತೆ ದಿನನಿತ್ಯದ ಸರಕಾಗಿರಲಿಲ್ಲ. ಶುಕ್ರವಾರ ರಾತ್ರಿ ದೇಶದ ಮನೆಮನೆಗಳಲ್ಲಿ ಏಕಕಾಲಕ್ಕೆ ಇದೊಂದೇ ಪಂದ್ಯ ತೆರೆಯ ಮೇಲಿತ್ತು. ವೀಕ್ಷಕ ವಿವರಣೆಗಾರ ಬ್ರಯನ್ ಮೂರ್, ಥಾಮಸ್ ಗೋಲಿನತ್ತ ಓಡುತ್ತಿದ್ದಾಗ, ಪ್ರಶಸ್ತಿ ಈಗ ಯಾರ ಕೈಗೆ ಬೇಕಾದರೂ ಹೋಗಬಹುದು ಎಂಬರ್ಥದ ಮಾತನ್ನು ಏರುದನಿಯಲ್ಲಿ ಕೂಗಿದರು. ಆ ಕೂಗು ದೃಶ್ಯಕ್ಕೆ ಎಷ್ಟು ಅಂಟಿಕೊಂಡಿತೆಂದರೆ, ಅಂದು ಕ್ರೀಡಾಂಗಣದಲ್ಲೇ ಇದ್ದು ವಿವರಣೆಯನ್ನು ಕೇಳಿರಲಾರದವರ ನೆನಪಿನಲ್ಲೂ ಈಗ ಗೋಲು ಮತ್ತು ಮೂರ್ ದನಿ ಒಟ್ಟಿಗೇ ಬರುತ್ತವೆ. ವಿಸಿಆರ್ ಮನೆಗಳಿಗೆ ಬಂದಿದ್ದ ಕಾಲವಾದ್ದರಿಂದ ಪಂದ್ಯವನ್ನು ಬೇಕೆಂದಾಗ ಮತ್ತೆ ನೋಡುವ ಅನುಕೂಲವೂ ಒದಗಿತು.

ದೃಶ್ಯಕ್ಕೆ ಭಾಷೆ ಕೊಟ್ಟದ್ದು ನಿಕ್ ಹಾರ್ನ್‌ಬಿ 1992ರಲ್ಲಿ ಪ್ರಕಟಿಸಿದ 'ಫೀವರ್ ಪಿಚ್' ಎಂಬ ಆತ್ಮಕಥನ. ಪ್ರತಿ ಅಧ್ಯಾಯಕ್ಕೂ ಒಂದು ಪಂದ್ಯ ಮತ್ತು ದಿನಾಂಕವನ್ನು ಇಟ್ಟುಕೊಂಡು ಅಭಿಮಾನಿಯ ಬಾಳನ್ನು ಹೇಳುವ ಈ ಪುಸ್ತಕದ ಲೇಖಕರು ಆ ರಾತ್ರಿ ಆನ್‌ಫೀಲ್ಡ್‌ನಲ್ಲಿರದೆ ಟಿವಿಯ ಮುಂದೆ ಇದ್ದವರು ಎಂಬುದು ಗಮನಾರ್ಹ. ಅಲ್ಲಿಯವರೆಗೆ ಬ್ರಿಟಿಷ್ ಪತ್ರಿಕೆಗಳಲ್ಲಿ ಫುಟ್‌ಬಾಲ್ ಅಭಿಮಾನಿ ಎಂದರೆ ಬಹುಮಟ್ಟಿಗೆ ಪುಂಡನೆಂಬ ಚಿತ್ರವಿತ್ತು. ಹಾರ್ನ್‌ಬಿ ಅವನನ್ನು ಕಾಯುವ, ಹೆದರುವ, ನಿರಾಶನಾಗುವ ಸಾಮಾನ್ಯ ಮನುಷ್ಯನಾಗಿ ಓದುಗರ ಮುಂದಿಟ್ಟರು. ಕಾಲಿನ್ ಫರ್ತ್ ನಟಿಸಿದ 1997ರ ಚಲನಚಿತ್ರ, ಆಟಗಾರರ ಮಾತುಗಳನ್ನೇ ಆಧರಿಸಿದ 2017ರ ಸಾಕ್ಷ್ಯಚಿತ್ರ, ಪತ್ರಕರ್ತೆ ಏಮಿ ಲಾರೆನ್ಸ್ ಅವರ ಪುಸ್ತಕ, ಹೀಗೆ ಒಂದೊಂದೂ ಅದೇ ರಾತ್ರಿಗೆ ಮರಳಿದವು. ಎದುರಾಳಿಗಳ ಅಂಗಳದಲ್ಲಿ ಲೀಗ್ ಗೆದ್ದದ್ದನ್ನು ಸಾರುವ ಆರ್ಸೆನಲ್ ಅಭಿಮಾನಿಗಳ ಹಾಡಿನಲ್ಲೂ ಆನ್‌ಫೀಲ್ಡ್ ಹೆಸರಿದೆ. 2004ರ ನಂತರ ಎರಡು ದಶಕಗಳ ಕಾಲ ಲೀಗ್ ಪ್ರಶಸ್ತಿ ಸಿಗದೇ ಹೋದದ್ದು ಈ ಹಳೆಯ ಗೆಲುವಿನ ಬೆಲೆಯನ್ನು ಇನ್ನಷ್ಟು ಏರಿಸಿತು.

ಮೆಲುಕಿನಲ್ಲಿ ಹಿಂದೆ ಸರಿಯುವ ಸಂಗತಿಗಳೂ ಇವೆ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ 39 ಮಂದಿ ಸತ್ತ ನಂತರ ಇಂಗ್ಲಿಷ್ ತಂಡಗಳನ್ನು ಯುರೋಪಿನ ಪಂದ್ಯಾವಳಿಗಳಿಂದ ಹೊರಗಿಡಲಾಗಿತ್ತು. ಹಾಗಾಗಿ 1989ರ ಚಾಂಪಿಯನ್ ಆರ್ಸೆನಲ್‌ಗೆ ಯುರೋಪಿಯನ್ ಕಪ್ ಆಡುವ ಅವಕಾಶವೇ ದೊರೆಯಲಿಲ್ಲ. ಗೋಲು ಹೊಡೆದ ಥಾಮಸ್ 1991ರ ಕೊನೆಯಲ್ಲಿ ಲಿವರ್‌ಪೂಲ್ ತಂಡವನ್ನೇ ಸೇರಿ, ಮರುವರ್ಷ ಆ ತಂಡದ ಪರ ಎಫ್‌ಎ ಕಪ್ ಫೈನಲ್‌ನಲ್ಲಿ ಗೋಲು ಹೊಡೆದರು. ಅಂದು ಮಿಡ್‌ಫೀಲ್ಡ್‌ನಲ್ಲಿ ಆಡಿದ ಡೇವಿಡ್ ರೋಕ್ಯಾಸಲ್ 2001ರಲ್ಲಿ, 33ನೇ ವಯಸ್ಸಿಗೇ, ಕ್ಯಾನ್ಸರ್‌ನಿಂದ ತೀರಿಕೊಂಡರು. ಎರಡನೆಯ ಗೋಲಿನ ನಂತರ ಅಂಗಳದಲ್ಲೇ ಉಳಿದು, ಪ್ರಶಸ್ತಿ ಎತ್ತಿದ ಎದುರಾಳಿಗಳಿಗೆ ಚಪ್ಪಾಳೆ ತಟ್ಟಿದ ಲಿವರ್‌ಪೂಲ್ ಅಭಿಮಾನಿಗಳ ಘನತೆಯನ್ನು ಆರ್ಸೆನಲ್ ಪಾಳೆಯ ಇಂದಿಗೂ ಗೌರವದಿಂದ ನೆನೆಯುತ್ತದೆ.

ನೆನಪಿನ ಜೊತೆಗಿರುವ ಹೊಣೆ

ಹಿಲ್ಸ್‌ಬರೋ ಕುರಿತ ವಿಚಾರಣೆಯ ಫಲವಾಗಿ 1990ರಲ್ಲಿ ಬಂದ ನ್ಯಾಯಮೂರ್ತಿ ಟೇಲರ್ ಅವರ ಅಂತಿಮ ವರದಿ ಇಂಗ್ಲೆಂಡಿನ ದೊಡ್ಡ ಕ್ರೀಡಾಂಗಣಗಳ ಸ್ವರೂಪವನ್ನೇ ಬದಲಿಸಿತು. ಬೇಲಿಗಳು ಹೋದವು, ನಿಲ್ಲುವ ಕಟ್ಟೆಗಳ ಜಾಗಕ್ಕೆ ಕುರ್ಚಿಗಳು ಬಂದವು. ದುರಂತಕ್ಕೆ ಅಭಿಮಾನಿಗಳೇ ಕಾರಣರೆಂಬ ಆರೋಪವನ್ನು ತಳ್ಳಿಹಾಕಿ, ಸತ್ತವರು ಕಾನೂನುಬಾಹಿರವಾಗಿ ಬಲಿಯಾದವರೆಂದು ಜ್ಯೂರಿ ತೀರ್ಪಿತ್ತದ್ದು 2016ರಲ್ಲಿ, ಕುಟುಂಬಗಳು 27 ವರ್ಷ ಹೋರಾಡಿದ ಮೇಲೆ. ಕರ್ನಾಟಕಕ್ಕೂ ಈ ಪಾಠ ದೂರದ್ದಲ್ಲ. ಹದಿನೆಂಟನೇ ಋತುವಿನಲ್ಲಿ ಮೊದಲ ಬಾರಿಗೆ ಐಪಿಎಲ್ ಗೆದ್ದ ಆರ್‌ಸಿಬಿ ತಂಡದ ಸಂಭ್ರಮಾಚರಣೆಗಾಗಿ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನರಲ್ಲಿ 11 ಮಂದಿ ಕಾಲ್ತುಳಿತದಲ್ಲಿ ಪ್ರಾಣ ತೆತ್ತರು. ಗೆಲುವನ್ನು ವರ್ಷಗಟ್ಟಲೆ ಮೆಲುಕು ಹಾಕುವ ಹಕ್ಕು ಅಭಿಮಾನಿಗಳಿಗೆ ಖಂಡಿತ ಇದೆ. ಆದರೆ ಆ ಮೆಲುಕಿಗೆ ಅವರು ಜೀವಂತವಾಗಿ ಮನೆ ಸೇರಬೇಕು. ಗೇಟುಗಳೆಷ್ಟು, ಒಳಗೆ ಹಿಡಿಸುವ ಜನರೆಷ್ಟು, ಹೊರಬರುವ ದಾರಿ ಯಾವುದು ಎಂಬ ಲೆಕ್ಕವನ್ನು ಸಂಭ್ರಮಕ್ಕೆ ಮೊದಲೇ ಹಾಕಿಡುವಂತೆ ಸಂಘಟಕರನ್ನೂ ಸರ್ಕಾರವನ್ನೂ ಕೇಳುವುದು ಪ್ರತಿಯೊಬ್ಬ ಅಭಿಮಾನಿಯ ಕರ್ತವ್ಯ.