ಕಾಯಿಸುವ ಗಡಿಯಾರ ತಿರುಗಿದ್ದು ಹೇಗೆ?

ಹೊಲದ ಉತಾರ (ಪಹಣಿ) ಬೇಕೆಂದರೆ ಅನಗವಾಡಿ ಗ್ರಾಮದ ರೈತರು ತಲಾಟಿಯನ್ನು ಹುಡುಕಿಕೊಂಡು ಅಲೆಯಬೇಕಿದ್ದ ಕಾಲವೊಂದಿತ್ತು. 2001ರ ಸುಮಾರಿಗೆ ‘ಭೂಮಿ’ ಯೋಜನೆ ತಾಲ್ಲೂಕು ಕೇಂದ್ರಗಳಿಗೆ ಕಂಪ್ಯೂಟರ್ ತಂದ ಮೇಲೆ 15 ರೂಪಾಯಿಗೆ ಉತಾರ ಸಿಗತೊಡಗಿತು. ಆ ಕೇಂದ್ರಗಳ ವಿನ್ಯಾಸದಲ್ಲಿ ನನಗೆ ಬಹಳ ಹಿಡಿಸಿದ್ದು ಎರಡನೇ ಪರದೆ. ಸಿಬ್ಬಂದಿ ಏನು ಮಾಡುತ್ತಿದ್ದಾರೆಂದು ರೈತನಿಗೂ ಕಾಣಲಿ ಎಂದು ಅದನ್ನು ಅವನ ಕಡೆಗೇ ತಿರುಗಿಸಿ ಇಟ್ಟಿದ್ದರು.

ಹೀಗೆ ಪರದೆ ನೋಡುತ್ತ ಕಾಯುವವರಿಗೆ ಆಗಿನ ವಿಂಡೋಸ್‌ನಲ್ಲಿ ಕಾಯುವಿಕೆಯ ಗುರುತು ಮರಳು ಗಡಿಯಾರ. ಮೂಲ ವ್ಯವಸ್ಥೆಯಲ್ಲಿ ಅದು ಅಲುಗಾಡುತ್ತಿರಲಿಲ್ಲ. ಮರಳು ಸುರಿದು ಗಡಿಯಾರ ಮಗುಚಿಕೊಳ್ಳಬೇಕೆಂದರೆ ಮೌಸ್ ಸೆಟ್ಟಿಂಗ್‌ನಲ್ಲಿ ಬೇರೆ ಮಾದರಿ ಆರಿಸಿಕೊಳ್ಳಬೇಕಿತ್ತು. ಅದರ ಹಿಂದಿದ್ದದ್ದು ‘.ಎಎನ್‌ಐ’ ಕಡತ: ಸಾಲಾಗಿ ಪೋಣಿಸಿದ ಪುಟ್ಟ ಚಿತ್ರಗಳು, ಅವು ಬರಬೇಕಾದ ಕ್ರಮ, ಪ್ರತಿಯೊಂದೂ ನಿಲ್ಲಬೇಕಾದ ಹೊತ್ತು. ಹೊತ್ತಿನ ಅಳತೆ ಸೆಕೆಂಡಿನ ಅರವತ್ತನೇ ಒಂದು ಭಾಗ; 6 ಎಂದು ಬರೆದರೆ ಸೆಕೆಂಡಿಗೆ 10 ಚಿತ್ರ.

1998ರ ವಿಷುಯಲ್ ಬೇಸಿಕ್ 6ರಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದವರಿಗೆ ಈ ತಿರುಗುವ ಗಡಿಯಾರ ಸುಲಭಕ್ಕೆ ದಕ್ಕಲಿಲ್ಲ. ಅದರ ‘ಮೌಸ್‌ಐಕಾನ್’ ನಿಶ್ಚಲ ಚಿತ್ರವನ್ನಷ್ಟೇ ಒಪ್ಪುತ್ತಿತ್ತು. ಹಾಗಾಗಿ ಭಾಷೆಯನ್ನು ದಾಟಿ ನೇರವಾಗಿ ವಿಂಡೋಸ್‌ನ ಬಾಗಿಲನ್ನೇ ತಟ್ಟಬೇಕಿತ್ತು: ‘ಲೋಡ್‌ಕರ್ಸರ್‌ಫ್ರಮ್‌ಫೈಲ್’ ಕರೆದು ಕಡತ ತೆರೆಯುವುದು, ‘ಸೆಟ್‌ಕ್ಲಾಸ್‌ಲಾಂಗ್’ನಿಂದ ಅದನ್ನು ಕಿಟಕಿಗೆ ಅಂಟಿಸುವುದು, ಕೆಲಸ ಮುಗಿದೊಡನೆ ಹಳೆಯ ಕರ್ಸರ್ ಮರಳಿಸುವುದು.

ಇಷ್ಟೆಲ್ಲ ಮಾಡಿ ತಿರುಗಿಸಿದ ಗಡಿಯಾರ ನಿಜ ಹೇಳುತ್ತಿತ್ತೇ? ಚಿತ್ರ ಬದಲಿಸುತ್ತಿದ್ದದ್ದು ವಿಂಡೋಸ್, ಪ್ರೋಗ್ರಾಮ್ ಅಲ್ಲ. ಪ್ರೋಗ್ರಾಮ್ ಒಳಗೊಳಗೇ ಕೆಟ್ಟು ನಿಂತಿದ್ದರೂ ಮರಳು ಸುರಿಯುತ್ತಲೇ ಇರುತ್ತಿತ್ತು. 1987ರಲ್ಲಿ ಆಪಲ್‌ನ ಬಿಲ್ ಅಟ್ಕಿನ್ಸನ್ ರೂಪಿಸಿದ ಹೈಪರ್‌ಕಾರ್ಡ್‌ನಲ್ಲಿ ಹಾಗಿರಲಿಲ್ಲ: ಪ್ರೋಗ್ರಾಮ್ ‘ಬ್ಯುಸಿ’ ಎಂದು ಆಜ್ಞೆ ಕೊಟ್ಟ ಪ್ರತಿ ಸಲ ಅಲ್ಲಿನ ಕಾಯುವಿಕೆಯ ಗುರುತಾದ ಚೆಂಡು ಒಂದಿಷ್ಟು ತಿರುಗುತ್ತಿತ್ತು, ಕೆಲಸ ನಿಂತರೆ ಚೆಂಡೂ ನಿಲ್ಲುತ್ತಿತ್ತು. ನನ್ನ ಮಟ್ಟಿಗೆ ಕಾಯುವವರಿಗೆ ಸಲ್ಲಬೇಕಾದ ಪ್ರಾಮಾಣಿಕತೆ ಅದೇ.

ಇತ್ತ ಗಡಿಯಾರ ತಿರುಗಿಸುವ ಆ ಪುಟ್ಟ ‘.ಎಎನ್‌ಐ’ ಕಡತಗಳನ್ನು ವಿಂಡೋಸ್ ಅತಿಯಾಗಿ ನಂಬಿತ್ತು. 2005ರಲ್ಲಿ ಒಂದು ದೋಷ ಮುಚ್ಚಿದರೂ, ಕಡತದೊಳಗೆ ಎರಡನೆಯ ತಲೆಬರಹ ಸೇರಿಸಿ ಕಂಪ್ಯೂಟರನ್ನೇ ವಶಪಡಿಸಿಕೊಳ್ಳುವ ದಾರಿ ಉಳಿದಿತ್ತು. ಅದನ್ನು ಮುಚ್ಚಲು ಮೈಕ್ರೋಸಾಫ್ಟ್ 2007ರ ಏಪ್ರಿಲ್ 3ರಂದು, ತನ್ನ ಮಾಸಿಕ ಸರದಿಗೂ ಕಾಯದೆ, ಪರಿಹಾರ ಬಿಡುಗಡೆ ಮಾಡಿತು.

ಅಷ್ಟರಲ್ಲಿ ವಿಂಡೋಸ್ ವಿಸ್ಟಾ ಬಂದು ಮರಳು ಗಡಿಯಾರದ ಜಾಗದಲ್ಲಿ ನೀಲಿ ಉಂಗುರ ಕೂತಿತ್ತು. ಅದನ್ನು ತಿರುಗಿಸುವುದೂ ವಿಂಡೋಸೇ.