ಮೆದುಳಿನ ಸವೆತ ಅಳೆಯುವ ಎಂ.ಆರ್.ಐ.

ವಯಸ್ಸಾದಂತೆ ಮರೆವು ಸಹಜ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಕಾಯಿಲೆಯಲ್ಲ. ಆದರೆ ದಿನವೂ ಓಡಾಡುವ ಬೀದಿಯೇ ಗುರುತು ಸಿಗದಿದ್ದರೆ, ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, 'ಅರಳು ಮರಳು' ಎಂದು ಮನೆಯವರು ಸುಮ್ಮನಿರಬಾರದು. ಅದು ಅಲ್ಝೈಮರ್ ಕಾಯಿಲೆಯ ಲಕ್ಷಣವಿರಬಹುದು.

ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು, ತೀರಿಕೊಂಡ ರೋಗಿಯೊಬ್ಬರ ಮೆದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ನಂತರ. ಇಂದು ಬದುಕಿರುವವರ ಮೆದುಳು ಎಷ್ಟು ಸವೆದಿದೆ ಎಂಬುದನ್ನು ಎಂ.ಆರ್.ಐ. ಮೂಲಕ ಅಳೆಯಬಹುದು.

ಈ ಯಂತ್ರದಲ್ಲಿ ಎಕ್ಸ್-ರೇ ಬಳಕೆಯಿಲ್ಲ. ಪ್ರಬಲ ಅಯಸ್ಕಾಂತ ಹಾಗೂ ರೇಡಿಯೊ ತರಂಗಗಳ ನೆರವಿನಿಂದ, ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಗಳು ನೀಡುವ ಸಂಕೇತಗಳಿಂದ ಚಿತ್ರ ಮೂಡುತ್ತದೆ. ಸಾಮಾನ್ಯವಾಗಿ ತಜ್ಞರು ಚಿತ್ರವನ್ನು ಕಣ್ಣಿನಿಂದ ನೋಡಿ ವರದಿ ಬರೆಯುತ್ತಾರೆ. ಪರಿಮಾಣಾತ್ಮಕ ಎಂ.ಆರ್.ಐ.ನಲ್ಲಿ ಚಿತ್ರವನ್ನು ಸುಮಾರು 1 ಮಿ.ಮೀ. ಅಳತೆಯ ಪುಟ್ಟ ಘನಗಳಾಗಿ ವಿಂಗಡಿಸಿ, ಮೆದುಳಿನ ಯಾವ ಭಾಗದಲ್ಲಿ ಎಷ್ಟು ಘನಗಳಿವೆ ಎಂದು ಕಂಪ್ಯೂಟರ್ ಎಣಿಸುತ್ತದೆ.

ಇಲ್ಲಿ ಮುಖ್ಯವಾಗಿ ಅಳೆಯುವುದು ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು. ಮೆದುಳಿನ ಎರಡೂ ಬದಿ ಒಳಗಡೆ ಇರುವ ಇದು ಹೊಸ ನೆನಪುಗಳನ್ನು ರೂಪಿಸುತ್ತದೆ. ಆರೋಗ್ಯವಂತ ವೃದ್ಧರಲ್ಲಿ ಇದು ವರ್ಷಕ್ಕೆ ಶೇ. 1ರಿಂದ 2ರಷ್ಟು ಕುಗ್ಗಿದರೆ, ಅಲ್ಝೈಮರ್ ರೋಗಿಗಳಲ್ಲಿ ಸರಾಸರಿ ಶೇ. 4ರಿಂದ 5ರಷ್ಟು ಕುಗ್ಗುತ್ತದೆ. ಒಂದು ಬದಿಯ ಹಿಪ್ಪೊಕ್ಯಾಂಪಸ್‌ನ ಗಾತ್ರ ಸುಮಾರು 3 ಘನ ಸೆಂ.ಮೀ. ಎಂದುಕೊಂಡರೆ, ರೋಗಿಯಲ್ಲಿ ವರ್ಷಕ್ಕೆ ಆಗುವ ನಷ್ಟ ಎರಡು ಮೂರು ಹನಿ ನೀರಿನಷ್ಟು ಮಾತ್ರ!

ಇಷ್ಟು ಸೂಕ್ಷ್ಮ ಅಳತೆ ಸುಲಭವಲ್ಲ. ರೋಗಿ ತಲೆ ಅಲುಗಿಸಿದರೆ, ಯಂತ್ರ ಬದಲಾದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ 2004ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಆಡ್ನಿ' ಅಧ್ಯಯನದಲ್ಲಿ ಹಲವು ಕೇಂದ್ರಗಳ ಯಂತ್ರಗಳಿಗೆ ಸಮಾನ ವಿಧಾನ ರೂಪಿಸಲಾಯಿತು.

ಗಾತ್ರ ಕಡಿಮೆಯಿದೆ ಎಂದಾಕ್ಷಣ ಅಲ್ಝೈಮರ್ ಎಂದು ತೀರ್ಮಾನಿಸಬಾರದು. ಗಾತ್ರ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಖಿನ್ನತೆಯಲ್ಲೂ ಈ ಭಾಗ ಕುಗ್ಗಬಹುದು. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆಗಳೊಂದಿಗೇ ಇದನ್ನು ನೋಡಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು ಇವೂ ಮರೆವಿಗೆ ಕಾರಣವಾಗಬಹುದು. ಇವಕ್ಕೆ ಚಿಕಿತ್ಸೆಯಿದೆ.

ಸ್ಕ್ಯಾನ್‌ಗೆ ಹೋಗುವಾಗ ಗಮನಿಸಿ: ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿದ್ದರೆ ಮೊದಲೇ ತಿಳಿಸಿ. ಒಡವೆ, ಶ್ರವಣ ಸಾಧನ ಮನೆಯವರ ಕೈಗೆ ಕೊಡಿ. ಹಳೆಯ ಸ್ಕ್ಯಾನ್‌ನ ಫಿಲ್ಮ್, ಸಿ.ಡಿ.ಗಳನ್ನು ಎಸೆಯಬೇಡಿ. ಮುಂದಿನ ಸಲ ವೈದ್ಯರು ಹೋಲಿಸಿ ನೋಡಲು ಅವು ಬೇಕಾಗುತ್ತವೆ.