ಕುಲಶೇಖರದ ಗಂಟೆ, ಕಂಕನಾಡಿಯ ಮೌನ

ನಂತೂರು ಸರ್ಕಲ್‌ನಲ್ಲಿ ಕಾದು ನಿಲ್ಲದ ಮಂಗಳೂರಿಗರಿಲ್ಲ. ಉಡುಪಿ ಕಡೆಯ ಬಸ್ಸು, ಪಂಪ್‌ವೆಲ್ ಕಡೆಯ ಲಾರಿ, ಮೂಡುಬಿದಿರೆಗೆ ಹೊರಟ ಎಕ್ಸ್‌ಪ್ರೆಸ್, ಮಲ್ಲಿಕಟ್ಟೆಯಿಂದ ಬರುವ ಸಿಟಿ ಬಸ್ಸು ಎಲ್ಲವೂ ಇಲ್ಲಿ ಎದುರಾಗುತ್ತವೆ. ಫ್ರಾನ್ಸಿನ ಹಳೆಯ ಇಗರ್ಜಿ, ಮಠಗಳನ್ನು ಒಮ್ಮೆಯಾದರೂ ನೋಡಬೇಕು ಎಂದು ಆಸೆಪಡುವವರು ನನ್ನ ಬಳಗದಲ್ಲಿ ಬಹಳ ಮಂದಿ. ಅವರಿಗೆಲ್ಲ ನಾನು ಹೇಳುವುದು ಒಂದೇ: ಪ್ಯಾರಿಸ್‌ ಟಿಕೆಟ್ಟಿಗೆ ಮೊದಲು ಈ ಸರ್ಕಲ್‌ನಿಂದ ಎರಡು ಕಡೆ ಹೋಗಿ ಬನ್ನಿ.

ಫ್ರಾನ್ಸಿನ ಮಠಗಳ ಕಥೆ ವೈಭವದ್ದೂ ಹೌದು, ದುಃಖದ್ದೂ ಹೌದು. ಕ್ರಿ.ಶ. 910ರಲ್ಲಿ ಸ್ಥಾಪನೆಯಾದ ಕ್ಲೂನಿ ಮಠದ ಇಗರ್ಜಿ, ರೋಮಿನ ಈಗಿನ ಸಂತ ಪೀಟರರ ಬಸಿಲಿಕ ಏಳುವವರೆಗೂ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿತ್ತು. ಮಹಾಕ್ರಾಂತಿಯ ಬಿರುಗಾಳಿಯಲ್ಲಿ, 1790ರಲ್ಲಿ, ಸರ್ಕಾರ ಮಠಗಳನ್ನು ರದ್ದುಮಾಡಿತು. ಕ್ಲೂನಿಯನ್ನು ಮಾರಿದರು, ಕೊಂಡವರು ಕಲ್ಲಿಗಾಗಿ ಕೆಡವಿದರು. ಇಂದು ಉಳಿದಿರುವುದು ಅದರ ಸಣ್ಣದೊಂದು ಭಾಗ. 1118ರ ಫಾಂತೆನೇ ಮಠ ಕಾಗದದ ಕಾರ್ಖಾನೆಯಾಯಿತು. ಕೊಂಪಿಯೇನ್ ಊರಿನ 16 ಮಂದಿ ಕಾರ್ಮೆಲ್ ಧರ್ಮಭಗಿನಿಯರನ್ನು 1794ರ ಜುಲೈ 17ರಂದು ಗಿಲೊಟಿನ್‌ಗೆ ಕೊಟ್ಟರು. ಮುಂದಿನ ಶತಮಾನದಲ್ಲಿ ಮಠಜೀವನ ಮತ್ತೆ ಚಿಗುರಿತು. ಆ ಚಿಗುರಿನ ಒಂದು ಕುಡಿ ಹಡಗು ಹತ್ತಿ ನಮ್ಮ ಕರಾವಳಿಗೆ ಬಂತು.

ಮೊದಲು ಕುಲಶೇಖರ. ನಂತೂರಿನಿಂದ ಮೂಡುಬಿದಿರೆ ರಸ್ತೆಯಲ್ಲಿ ಬಿಕರ್ನಕಟ್ಟೆ ದಾಟಿದರೆ ಸಿಗುವುದು ಪವಿತ್ರ ಶಿಲುಬೆಯ ಇಗರ್ಜಿ. ಊರವರ ಬಾಯಲ್ಲಿ ಅದು ಕೊರ್ಡೆಲ್ ಇಗರ್ಜಿ. 1873ರಲ್ಲಿ ಇದನ್ನು ಸ್ಥಾಪಿಸಿದವರು ಫ್ರಾನ್ಸಿನಿಂದ ಬಂದ ಕಾರ್ಮೆಲ್ ಸಭೆಯ ಧರ್ಮಗುರು ಅಲೆಕ್ಸಾಂಡರ್ ದುಬೋಯ್. ಇಲ್ಲಿನ ಜನ ಅವರನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಅವರು ‘ಫ್ರಾದ್ ಸಾಯ್ಬ್’. ಫ್ರಾದ್ ಎಂಬುದು ಸನ್ಯಾಸಿಗೆ ಪೋರ್ಚುಗೀಸರು ಬಿಟ್ಟುಹೋದ ಮಾತು, ಸಾಯ್ಬ್ ಎಂಬುದು ಕೊಂಕಣಿಯ ಗೌರವದ ಕರೆ. ಫ್ರಾನ್ಸಿನ ಒಬ್ಬ ಸನ್ಯಾಸಿಯನ್ನು ಊರು ಹೇಗೆ ತನ್ನವನನ್ನಾಗಿ ಮಾಡಿಕೊಂಡಿತು ಎಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ. ಅವರು ತೀರಿಕೊಂಡು ಒಂದೂವರೆ ಶತಮಾನವಾಗುತ್ತ ಬಂತು. ಇಂದಿಗೂ ಅವರ ಸಮಾಧಿಯ ಬಳಿ ಮೇಣದಬತ್ತಿ ಹಚ್ಚಿ, ಮನೆಯ ಕಷ್ಟ ಹೇಳಿಕೊಳ್ಳುವವರಿದ್ದಾರೆ.

ಎರಡನೆಯದು ಕಂಕನಾಡಿಯ ಕ್ಲೋಯ್ಸ್ಟರ್ಡ್ ಕಾರ್ಮೆಲ್ ಮಠ. ಇದರ ಹಿಂದೆ ಇರುವವರು ಫ್ರಾನ್ಸಿನವರೇ ಆದ ಬಿಷಪ್ ಮರೀ ಎಫ್ರೆಮ್ ಗಾರೆಲೋನ್. ಮಂಗಳೂರಿನ ಹೆಣ್ಣುಮಕ್ಕಳಿಗೆ ಶಾಲೆ ಬೇಕು, ಶಾಲೆಯ ಬೆನ್ನಿಗೆ ಪ್ರಾರ್ಥನೆಯ ಮನೆ ಬೇಕು ಎಂಬುದು ಅವರ ಹಂಬಲ. ಅವರ ಕರೆಗೆ ಓಗೊಟ್ಟು 1870ರ ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸಿನ ಪೋ ಊರಿನ ಕಾರ್ಮೆಲ್ ಮಠದಿಂದ ಧರ್ಮಭಗಿನಿಯರು ಹೊರಟರು. ಕೆಂಪು ಸಮುದ್ರದ ಬೇಗೆ, ಕಾಯಿಲೆ. ಮೂವರು ಮಂಗಳೂರು ಮುಟ್ಟುವ ಮೊದಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಒಬ್ಬರು ಗಲಿಲಾಯದ ಇಬಿಲ್ಲಿನ್ ಹಳ್ಳಿಯ ಮರಿಯಂ ಬವಾರ್ದಿ. ಓದು ಬರಹ ಹೆಚ್ಚು ತಿಳಿಯದ, ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಈ ತರುಣಿ 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು. ಮರುವರ್ಷ ಪೋಗೆ ಮರಳಿ, ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸಿ, 1878ರಲ್ಲಿ ಅಲ್ಲೇ ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರಿನ ಮಳೆ, ಮಣ್ಣು ಕಂಡ ಸಂತರು ಅವರು.

ಮಠದ ಒಳಗನ್ನು ನಾವು ನೋಡಲಾಗದು. 16ನೇ ಶತಮಾನದಲ್ಲಿ ಅವಿಲದ ಸಂತ ತೆರೇಸಾ ಸುಧಾರಿಸಿದ ಈ ಸಭೆಯ ಭಗಿನಿಯರು ಆವರಣ ಬಿಟ್ಟು ಹೊರಬರುವುದು ಅಪರೂಪ. ಒಂದು ಮನೆಯಲ್ಲಿ 21ಕ್ಕಿಂತ ಹೆಚ್ಚು ಜನ ಇರಬಾರದೆಂಬುದು ಹಳೆಯ ಕಟ್ಟಳೆ. ಕಾರ್ಮೆಲ್ ಸಂಪ್ರದಾಯದಲ್ಲಿ ಬಂದವರ ಜೊತೆ ಮಾತು ಜಾಲರಿಯ ಆಚೆಯಿಂದ. ಗೋಡೆಯೊಳಗೆ ಕೂಡಿಸಿದ, ತಿರುಗುವ ಒಂದು ಮರದ ಗೂಡಿರುತ್ತದೆ. ಹೊರಗಿನವರು ಹಣ್ಣನ್ನೋ ಚೀಟಿಯನ್ನೋ ಇಟ್ಟು ತಿರುಗಿಸಿದರೆ ಒಳಗಿನ ಕೈ ತೆಗೆದುಕೊಳ್ಳುತ್ತದೆ, ಮುಖ ಕಾಣುವುದಿಲ್ಲ. ಆ ಚೀಟಿಯಲ್ಲಿ ಇರುವುದು ಬಹುಪಾಲು ಯಾರದೋ ಕಾಯಿಲೆ, ಯಾರದೋ ಪರೀಕ್ಷೆ, ಯಾರದೋ ಮದುವೆ.

ಪ್ರಾರ್ಥನೆಯ ಮನೆಯ ಜೊತೆಗೆ ಶಾಲೆಯೂ ಬಂತು. ತಾಯಿ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಆರಂಭಿಸಿದ್ದರು. ಆ ಸಭೆಯ ಮೂವರು ಭಗಿನಿಯರು 1870ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದು ಸಂತ ಆನ್ಸ್ ಕಾನ್ವೆಂಟ್ ತೆರೆದರು. ಅದೇ ಸಭೆ 1921ರಲ್ಲಿ ಬೆಂದೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ಕಟ್ಟಿತು. ಮಲ್ಲಿಕಟ್ಟೆ ದಾಟಿ ಬೆಂದೂರಿಗೆ ಹೋದರೆ, ತರಗತಿ ಬಿಟ್ಟು ಗುಂಪುಗುಂಪಾಗಿ ಹೊರಬರುವ ಹುಡುಗಿಯರನ್ನು ನೋಡಿ. ಬಯೋನ್‌ನ ಆ ಪುಟ್ಟ ಮಠದ ನಿಜವಾದ ಗೋಪುರ ಅವರೇ.

ಇನ್ನೂ ದೂರ ಹೋಗುವ ಉತ್ಸಾಹವಿದ್ದರೆ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋಗಬಹುದು. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಗರ್ಜಿ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಚಾವಣಿಯಿಲ್ಲದ ಕಮಾನುಗಳೊಂದಿಗೆ ಎದ್ದು ನಿಲ್ಲುತ್ತದೆ. ಮೈಸೂರಿನ ಸಂತ ಫಿಲೋಮಿನಾ ಕೆಥೆಡ್ರಲ್‌ಗೆ 1933ರಲ್ಲಿ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 175 ಅಡಿಯ ಅದರ ಜೋಡಿ ಗೋಪುರಗಳ ನಕ್ಷೆ ಬಿಡಿಸಿದವರು ಡಾಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ.

ಶೆಟ್ಟಿಹಳ್ಳಿಗೆ ಕ್ಯಾಮೆರಾ ಹಿಡಿದು ಹೋಗುವವರು ಲೆಕ್ಕವಿಲ್ಲದಷ್ಟು. ಕುಲಶೇಖರದ ಎದುರು ದಿನಾ ಬಸ್ಸಿನಲ್ಲಿ ಹಾದುಹೋಗಿಯೂ ಒಮ್ಮೆಯೂ ಇಳಿಯದವರೂ ಅಷ್ಟೇ ಮಂದಿ. ಪಾಳುಬಿದ್ದದ್ದು ಕಣ್ಣಿಗೆ ಚೆಂದ, ನಿಜ. ಆದರೆ ಕ್ಲೂನಿ ಕಳೆದುಕೊಂಡದ್ದು ಏನು ಎಂದು ತಿಳಿಯಬೇಕಾದರೆ, ಇನ್ನೂ ಗಂಟೆ ಬಾರಿಸುವ, ಇನ್ನೂ ಪ್ರಾರ್ಥನೆ ನಡೆಯುವ ಮನೆಗೆ ಹೋಗಬೇಕು. ಅಂಥ ಎರಡು ಮನೆಗಳು ನಮ್ಮ ಪೇಟೆಯಲ್ಲೇ ಇವೆ.

ಹೋಗುವಾಗ ಪೂಜೆಯ ಹೊತ್ತು ಕೇಳಿಕೊಂಡು ಹೋಗಿ. ಮೊಬೈಲು ಸುಮ್ಮನಿರಲಿ. ಮಠದ ಬಾಗಿಲಲ್ಲಿ ಫೋಟೊಗೆ ಒತ್ತಾಯ ಮಾಡಬೇಡಿ. ಹತ್ತು ನಿಮಿಷ ಸುಮ್ಮನೆ ಕುಳಿತು ಬನ್ನಿ. ಮತ್ತೇನೂ ಬೇಡ, ಮುಂದಿನ ಭಾನುವಾರ ನಂತೂರಿನಲ್ಲಿ ಕುಲಶೇಖರದ ಬಸ್ಸು ಹತ್ತಿ.